ಪೆಸಿಫಿಕ್ ದ್ವೀಪಗಳ ಆರೋಗ್ಯ, ಮಾಜಿ ಸೈನಿಕರು ಮತ್ತು ಏರುತ್ತಿರುವ ಕಡಲು: ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಮಾರ್ಚ್ 9ರಂದು ಅಮೆರಿಕದ ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ದೊಡ್ಡ ಬಜೆಟ್ ಮಸೂದೆಯೊಂದರ ಒಳಗೆ, ಮೂರು ಪುಟ್ಟ ದ್ವೀಪರಾಷ್ಟ್ರಗಳ ಮುಂದಿನ ಇಪ್ಪತ್ತು ವರ್ಷಗಳನ್ನು ನಿರ್ಧರಿಸುವ ಒಪ್ಪಂದವೂ ಸೇರಿತ್ತು. ಆಸ್ಪತ್ರೆ, ಮಾಜಿ ಸೈನಿಕರ ಚಿಕಿತ್ಸೆ, ಕಡಲಿನಿಂದ ರಕ್ಷಣೆ ಇವು ಮೂರನ್ನೂ ಬೇರೆ ಬೇರೆ ಕಡತಗಳಲ್ಲಿಟ್ಟು ಚರ್ಚಿಸುವುದು ರಾಜಧಾನಿಗಳ ರೂಢಿ. ಆದರೆ ಕೆಲವೇ ನೂರು ಮೀಟರ್ ಅಗಲದ ನೆಲದ ಮೇಲೆ ಬದುಕುವವರಿಗೆ ಇವು ಮೂರೂ ಒಂದೇ ವಿಷಯ. ಈ ಬಗ್ಗೆ ಕನ್ನಡ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಇಲ್ಲಿ ಹೇಳುತ್ತಿರುವುದು ಯಾವ ದ್ವೀಪಗಳ ಬಗ್ಗೆ?

ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯ ಒಕ್ಕೂಟ ಮತ್ತು ಪಲಾವು ಎಂಬ ಮೂರು ದೇಶಗಳ ಬಗ್ಗೆ. ಮಾರ್ಷಲ್ ದ್ವೀಪಗಳಲ್ಲಿ 29 ಹವಳದ್ವೀಪ ವಲಯಗಳೂ (ಒಳಗಡಲೊಂದನ್ನು ಉಂಗುರದಂತೆ ಸುತ್ತುವರಿದ ಹವಳದ ದ್ವೀಪಗಳ ಗುಂಪುಗಳು) 5 ಬಿಡಿ ದ್ವೀಪಗಳೂ ಇವೆ; ಎಲ್ಲ ಸೇರಿಸಿದರೂ ನೆಲ ಸುಮಾರು 181 ಚದರ ಕಿಲೋಮೀಟರ್, ಸರಾಸರಿ ಎತ್ತರ ಸಮುದ್ರಮಟ್ಟದಿಂದ ಎರಡು ಮೀಟರ್‌ನಷ್ಟು. 2021ರ ಜನಗಣತಿಯಲ್ಲಿ ಅಲ್ಲಿ ಸುಮಾರು 42,000 ಜನರಿದ್ದರು. ಮೈಕ್ರೊನೇಷ್ಯ ಒಕ್ಕೂಟವು ಯಾಪ್, ಚೂಕ್, ಪೊನ್‌ಪೇ, ಕೊಸ್ರಾಯ್ ಎಂಬ ನಾಲ್ಕು ರಾಜ್ಯಗಳ, 600ಕ್ಕೂ ಹೆಚ್ಚು ದ್ವೀಪಗಳ ದೇಶ. ಪಲಾವುವಿನ ಜನಸಂಖ್ಯೆ ಇಪ್ಪತ್ತು ಸಾವಿರವನ್ನೂ ಮುಟ್ಟುವುದಿಲ್ಲ. ಪೊನ್‌ಪೇ, ಕೊಸ್ರಾಯ್ ಮತ್ತು ಪಲಾವುವಿನ ಮುಖ್ಯ ದ್ವೀಪದಲ್ಲಿ ಬೆಟ್ಟಗಳಿವೆ, ಹೊಳೆಗಳಿವೆ. ಆದ್ದರಿಂದ ಎಲ್ಲ ದ್ವೀಪಗಳೂ ಒಂದೇ ರೀತಿಯಲ್ಲಿ ಮುಳುಗುತ್ತಿವೆ ಎಂದು ಹೇಳುವುದು ಸರಿಯಲ್ಲ.

ಇವು ಸ್ವತಂತ್ರ ದೇಶಗಳಾಗಿರುವಾಗ ಅಮೆರಿಕ ಏಕೆ ಹಣ ಕೊಡಬೇಕು?

ಎರಡನೇ ಮಹಾಯುದ್ಧದ ನಂತರ, 1947ರಿಂದ, ಈ ದ್ವೀಪಗಳನ್ನು ವಿಶ್ವಸಂಸ್ಥೆಯ ಪರವಾಗಿ ಅಮೆರಿಕ ಆಳಿತು. ಮಾರ್ಷಲ್ ದ್ವೀಪಗಳು ಮತ್ತು ಮೈಕ್ರೊನೇಷ್ಯ 1986ರಲ್ಲಿ, ಪಲಾವು 1994ರಲ್ಲಿ, ಅಮೆರಿಕದೊಂದಿಗೆ ಮುಕ್ತ ಸಹಯೋಗದ ಒಪ್ಪಂದ ಮಾಡಿಕೊಂಡು ಸ್ವತಂತ್ರವಾದವು. ಒಪ್ಪಂದದ ತಿರುಳು ಹೀಗಿದೆ: ಈ ದೇಶಗಳ ರಕ್ಷಣೆಯ ಹೊಣೆ ಅಮೆರಿಕದ್ದು, ಪ್ರತಿಯಾಗಿ ಆ ನೆಲ, ಜಲ, ಆಕಾಶಗಳಲ್ಲಿ ಬೇರಾವ ದೇಶದ ಸೇನೆಗೂ ಪ್ರವೇಶ ಇಲ್ಲದಂತೆ ತಡೆಯುವ ಹಕ್ಕೂ ಅಮೆರಿಕಕ್ಕೆ ಸೇರಿದ್ದು. ದ್ವೀಪಗಳ ಪ್ರಜೆಗಳು ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗಿ ನೆಲೆಸಬಹುದು, ದುಡಿಯಬಹುದು. ಸರ್ಕಾರಗಳಿಗೆ ನಿಗದಿತ ಧನಸಹಾಯ ಬರುತ್ತದೆ.

ನೆಲ ಚಿಕ್ಕದಾದರೂ ಈ ಮೂರು ದೇಶಗಳ ಹಕ್ಕಿನ ಕಡಲು ಬಹಳ ವಿಶಾಲ. ಮಾರ್ಷಲ್ ದ್ವೀಪಗಳ ಕ್ವಾಜಲೀನ್‌ನಲ್ಲಿ ಅಮೆರಿಕದ ಕ್ಷಿಪಣಿ ಪರೀಕ್ಷಾ ನೆಲೆಯಿದ್ದು, ಅದರ ಗುತ್ತಿಗೆ 2066ರವರೆಗೆ ಇದೆ. ಬೇಕೆಂದರೆ 2086ರವರೆಗೂ ಮುಂದುವರಿಸಲು ಅವಕಾಶವಿದೆ. ಆದ್ದರಿಂದ ಈ ಹಣವನ್ನು ದಾನವೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಪಡೆದುಕೊಂಡದ್ದಕ್ಕೆ ಕೊಡುತ್ತಿರುವ ಬೆಲೆ ಇದು, ಅದರಲ್ಲಿ ಹಳೆಯ ಬಾಕಿಯೂ ಸೇರಿದೆ.

ಆ ಹಳೆಯ ಬಾಕಿ ಯಾವುದು?

1946ರಿಂದ 1958ರ ನಡುವೆ ಅಮೆರಿಕವು ಮಾರ್ಷಲ್ ದ್ವೀಪಗಳ ಬಿಕಿನಿ ಮತ್ತು ಎನಿವೆಟಾಕ್‌ಗಳಲ್ಲಿ 67 ಅಣ್ವಸ್ತ್ರ ಪರೀಕ್ಷೆಗಳನ್ನು ನಡೆಸಿತು. 1954ರ ಮಾರ್ಚ್ 1ರಂದು ನಡೆದ ಬ್ರಾವೊ ಎಂಬ ಪರೀಕ್ಷೆ 15 ಮೆಗಾಟನ್ ಶಕ್ತಿಯದ್ದು. ಅಂದು ರೊಂಗೆಲಾಪ್ ದ್ವೀಪದ ಮೇಲೆ ವಿಕಿರಣಭರಿತ ಬೂದಿ ಬಿಳಿ ಪುಡಿಯಂತೆ ಸುರಿಯಿತು. ಅಲ್ಲಿನ ಜನರನ್ನು ಸ್ಥಳಾಂತರಿಸುವಷ್ಟರಲ್ಲಿ ಎರಡು ದಿನಗಳು ಕಳೆದಿದ್ದವು. ನಂತರದ ವರ್ಷಗಳಲ್ಲಿ ಥೈರಾಯ್ಡ್ ಗಂಟುಗಳು, ಕ್ಯಾನ್ಸರ್, ಗರ್ಭಪಾತಗಳು ಆ ಸಮುದಾಯವನ್ನು ಬಿಡದೆ ಕಾಡಿದವು. ಪರಿಹಾರಕ್ಕೆಂದು ಮೊದಲ ಒಪ್ಪಂದದಲ್ಲಿ 15 ಕೋಟಿ ಡಾಲರ್‌ಗಳ ನಿಧಿ ಇಡಲಾಯಿತು. ಅದರ ಆಧಾರದ ಮೇಲೆ ರಚನೆಯಾದ ಪರಿಹಾರ ನ್ಯಾಯಮಂಡಳಿ 200 ಕೋಟಿ ಡಾಲರ್‌ಗೂ ಹೆಚ್ಚಿನ ಪರಿಹಾರಕ್ಕೆ ಆದೇಶಿಸಿತು, ಆದರೆ ಅಷ್ಟರಲ್ಲಿ ನಿಧಿಯೇ ಬರಿದಾಗಿತ್ತು. ವಿಷಯ ಸಂಪೂರ್ಣ ಇತ್ಯರ್ಥವಾಗಿದೆ ಎಂಬುದು ಅಮೆರಿಕದ ನಿಲುವು. ತೀರ್ಪು ಕೈಯಲ್ಲಿದ್ದು ಹಣ ಸಿಗದೆ ತೀರಿಕೊಂಡವರ ಕುಟುಂಬಗಳಿಗೆ ಈ ನಿಲುವು ಹೇಗೆ ಒಪ್ಪಿಗೆಯಾದೀತು?

2024ರ ಕಾನೂನಿನಲ್ಲಿ ಏನೇನಿದೆ?

ಇಪ್ಪತ್ತು ವರ್ಷಗಳಿಗೆ ಒಟ್ಟು ಸುಮಾರು 710 ಕೋಟಿ ಡಾಲರ್. ಇದರಲ್ಲಿ ಮೈಕ್ರೊನೇಷ್ಯಕ್ಕೆ ಸುಮಾರು 330 ಕೋಟಿ, ಮಾರ್ಷಲ್ ದ್ವೀಪಗಳಿಗೆ 230 ಕೋಟಿ, ಪಲಾವುಗೆ 88.9 ಕೋಟಿ, ಉಳಿದದ್ದು ದ್ವೀಪಗಳಿಗೆ ಅಮೆರಿಕದ ಅಂಚೆ ಸೇವೆಯನ್ನು ಮುಂದುವರಿಸಲು. ಅಂಚೆಗೇಕೆ ಇಷ್ಟು ಹಣ ಎಂದು ಅನ್ನಿಸಬಹುದು. ಔಷಧಿಗಳು ಅಂಚೆಯಲ್ಲಿ ಬರುವ ಊರುಗಳಲ್ಲಿ ಅಂಚೆಯೂ ಆರೋಗ್ಯ ಸೇವೆಯೇ.

ಈ ಹಣ ಪ್ರತಿ ವರ್ಷ ಸಂಸತ್ತಿನ ಮರ್ಜಿಗೆ ಕಾಯಬೇಕಾಗಿಲ್ಲ, ಕಾನೂನಿನಲ್ಲೇ ಕಡ್ಡಾಯವಾಗಿ ಮೀಸಲಾಗಿದೆ ಎಂಬುದು ದೊಡ್ಡ ಸಮಾಧಾನ. ಇದರ ಜೊತೆಗೆ ಎರಡು ಸಂಗತಿಗಳು ಸೇರಿವೆ: ಅಮೆರಿಕದಲ್ಲಿ ನೆಲೆಸಿರುವ ದ್ವೀಪವಾಸಿಗಳಿಗೆ ಆಹಾರ ನೆರವೂ ಸೇರಿದಂತೆ ಸಾರ್ವಜನಿಕ ಸೌಲಭ್ಯಗಳ ಅರ್ಹತೆ ಮರಳಿತು, ಮತ್ತು ದ್ವೀಪಗಳಲ್ಲಿ ವಾಸಿಸುವ ಮಾಜಿ ಸೈನಿಕರಿಗೆ ಅಲ್ಲಿಯೇ ಚಿಕಿತ್ಸೆ ಕೊಡಲು ಅಮೆರಿಕದ ಮಾಜಿ ಸೈನಿಕರ ಇಲಾಖೆಗೆ ಅಧಿಕಾರ ಸಿಕ್ಕಿತು.

ದ್ವೀಪಗಳ ಆರೋಗ್ಯ ಸಮಸ್ಯೆಗಳಲ್ಲಿ ಅತಿ ಗಂಭೀರವಾದುದು ಯಾವುದು?

ಸಕ್ಕರೆ ಕಾಯಿಲೆ. ಮಾರ್ಷಲ್ ದ್ವೀಪಗಳ ವಯಸ್ಕರಲ್ಲಿ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಧುಮೇಹವಿದೆ. ಇದಕ್ಕೆ ಜನರ ಆಹಾರ ಶಿಸ್ತನ್ನು ದೂರುವವರು ಅಲ್ಲಿನ ಇತಿಹಾಸವನ್ನು ಓದಬೇಕು. ಮೀನು, ತೆಂಗು, ಜೀಗುಜ್ಜೆ, ಕೇದಿಗೆ ಜಾತಿಯ ಹಣ್ಣು, ಕೆಸುವಿನ ಗೆಡ್ಡೆ ಇವು ಅಲ್ಲಿನ ಮೂಲ ಆಹಾರ. ಪರೀಕ್ಷೆಗಳಿಗಾಗಿ ಜನರನ್ನು ಅವರ ನೆಲದಿಂದ ಎಬ್ಬಿಸಿ, ಕೆಲವೆಡೆ ಬೆಳೆದದ್ದನ್ನು ತಿನ್ನಬಾರದೆಂದು ಎಚ್ಚರಿಸಿ, ಬದಲಿಗೆ ಡಬ್ಬಿಯ ಮಾಂಸ, ಅಕ್ಕಿ, ಹಿಟ್ಟು, ಸಕ್ಕರೆಗಳನ್ನು ಹಡಗಿನಲ್ಲಿ ಕಳುಹಿಸಲಾಯಿತು. ಎರಡು ಮೂರು ತಲೆಮಾರು ಹೀಗೆ ಉಂಡ ನಂತರ ಅದೇ ಅಭ್ಯಾಸವಾಯಿತು. ಈಗ ಕೆಸುವಿನ ಗುಂಡಿಗಳಿಗೆ ಉಪ್ಪುನೀರು ನುಗ್ಗುತ್ತಿರುವುದರಿಂದ, ಹಳೆಯ ಆಹಾರಕ್ಕೆ ಮರಳಬೇಕೆಂದು ಬಯಸುವವರಿಗೂ ದಾರಿ ಕಿರಿದಾಗುತ್ತಿದೆ.

ಕ್ಷಯವೂ ಹಾಗೆಯೇ ಬೇರೂರಿದೆ. ಕ್ವಾಜಲೀನ್ ವಲಯದ ಎಬೆಯೆ ಎಂಬ ದ್ವೀಪದ ವಿಸ್ತಾರ ಸುಮಾರು 80 ಎಕರೆ. ಅಷ್ಟರಲ್ಲೇ ಎಂಟರಿಂದ ಹತ್ತು ಸಾವಿರ ಜನ ವಾಸಿಸುತ್ತಾರೆ. ಅವರಲ್ಲಿ ಅನೇಕರು ಬೆಳಿಗ್ಗೆ ದೋಣಿ ಹತ್ತಿ ಪಕ್ಕದ ಸೇನಾನೆಲೆಗೆ ಕೆಲಸಕ್ಕೆ ಹೋಗಿ ಸಂಜೆ ಮರಳುತ್ತಾರೆ. ಒಂದೇ ಕೋಣೆಯಲ್ಲಿ ಸರದಿಯಂತೆ ಮಲಗುವ ಮನೆಗಳಲ್ಲಿ ಕ್ಷಯ ಹರಡದೆ ಇರುವುದು ಕಷ್ಟ, ಮಧುಮೇಹ ಇರುವ ದೇಹಕ್ಕೆ ಅದು ಬೇಗ ತಗಲುತ್ತದೆ. 2017ರಲ್ಲಿ ಎಬೆಯೆಯಲ್ಲಿ, 2018ರಲ್ಲಿ ರಾಜಧಾನಿ ಮಜುರೊದಲ್ಲಿ ಮನೆಮನೆಯವರನ್ನೂ ಕರೆದು ಸಾಮೂಹಿಕ ತಪಾಸಣೆ ನಡೆಸಿ, ಕಾಯಿಲೆ ಇನ್ನೂ ಮೇಲೆದ್ದಿರದವರಿಗೂ ಔಷಧಿ ಕೊಡಲಾಯಿತು. ಹಣ, ಸಿಬ್ಬಂದಿ ಮತ್ತು ಊರಿನವರ ಸಹಕಾರ ಒಟ್ಟಿಗೆ ಬಂದರೆ ಏನು ಸಾಧ್ಯ ಎಂಬುದಕ್ಕೆ ಆ ಎರಡು ಅಭಿಯಾನಗಳು ಅತ್ಯುತ್ತಮ ಉದಾಹರಣೆ.

ದೊಡ್ಡ ಕಾಯಿಲೆ ಬಂದರೆ ಜನ ಎಲ್ಲಿಗೆ ಹೋಗುತ್ತಾರೆ?

ಹೊರದೇಶಕ್ಕೆ. ಮಜುರೊದಿಂದ ಹೊನೊಲುಲುವಿಗೆ ಸುಮಾರು 3,700 ಕಿಲೋಮೀಟರ್. ಹವಾಯಿಯಿಂದ ಹೊರಟು ಮಜುರೊ, ಕ್ವಾಜಲೀನ್, ಕೊಸ್ರಾಯ್, ಪೊನ್‌ಪೇ, ಚೂಕ್‌ಗಳಲ್ಲಿ ಇಳಿಯುತ್ತಾ ಅಮೆರಿಕದ ಅಧೀನದ ಗುವಾಮ್ ದ್ವೀಪ ತಲುಪುವ ಯುನೈಟೆಡ್ ಸಂಸ್ಥೆಯ ವಿಮಾನವೇ ಈ ದ್ವೀಪಗಳಿಗೆ ಜೀವನಾಡಿ. ಅದೇ ವಿಮಾನದಲ್ಲಿ ರೋಗಿಗಳೂ, ಔಷಧಿಗಳೂ, ಊರಿಗೆ ಮರಳುವ ಪಾರ್ಥಿವ ಶರೀರಗಳೂ ಸಾಗುತ್ತವೆ. ಹವಾಯಿ, ಫಿಲಿಪ್ಪೀನ್ಸ್ ಮತ್ತು ತೈವಾನ್‌ನ ಆಸ್ಪತ್ರೆಗಳಿಗೆ ರೋಗಿಗಳನ್ನು ಕಳುಹಿಸಲು ಸರ್ಕಾರಗಳು ಆರೋಗ್ಯ ಬಜೆಟ್‌ನ ದೊಡ್ಡ ಪಾಲನ್ನು ವ್ಯಯಿಸುತ್ತವೆ. ಯಾರನ್ನು ಕಳುಹಿಸಬೇಕು ಎಂಬುದನ್ನು ವೈದ್ಯರ ಸಮಿತಿಯೊಂದು, ಗುಣವಾಗುವ ಸಾಧ್ಯತೆಯನ್ನು ಅಳೆದು ತೀರ್ಮಾನಿಸುತ್ತದೆ. ತಾವು ಬಾಲ್ಯದಿಂದ ಬಲ್ಲ ವ್ಯಕ್ತಿಯ ಕಡತದ ಮೇಲೆ ಬೇಡವೆಂದು ಬರೆಯಬೇಕಾದ ವೈದ್ಯರ ಸ್ಥಿತಿಯನ್ನು ಊಹಿಸಿಕೊಳ್ಳಿ.

ಮಾರ್ಷಲ್ ದ್ವೀಪಗಳಲ್ಲಿ ಬಹುಕಾಲ ಡಯಾಲಿಸಿಸ್ ಸೌಲಭ್ಯವೇ ಇರಲಿಲ್ಲ. ಮೂತ್ರಪಿಂಡ ಸೋತವರು ದೇಶ ಬಿಟ್ಟು ಹೋಗಬೇಕಿತ್ತು, ಇಲ್ಲವೇ ಊರಲ್ಲೇ ಕೊನೆಯುಸಿರೆಳೆಯಬೇಕಿತ್ತು. ಡಯಾಲಿಸಿಸ್ ಯಂತ್ರಕ್ಕೆ ಪ್ರತಿ ಬಾರಿಯೂ ನೂರಕ್ಕೂ ಹೆಚ್ಚು ಲೀಟರ್ ಶುದ್ಧೀಕರಿಸಿದ ನೀರು, ಕಡಿತವಿಲ್ಲದ ವಿದ್ಯುತ್ತು, ತರಬೇತಾದ ದಾದಿಯರು ಬೇಕು. ಯಂತ್ರ ಕೊಂಡು ತಂದು ಇಳಿಸುವುದು ಇವುಗಳಲ್ಲಿ ಸುಲಭದ ಭಾಗ. ಕುಡಿಯುವ ನೀರಿಗೇ ಪರದಾಡುವ ಹವಳದ್ವೀಪದಲ್ಲಿ ನೀರಿನ ಯೋಜನೆಯನ್ನು ಬಿಟ್ಟು ಆರೋಗ್ಯ ಯೋಜನೆ ಮಾಡಲು ಬರುವುದಿಲ್ಲ.

ಅಮೆರಿಕಕ್ಕೆ ವಲಸೆ ಹೋದವರಿಗೆ ಚಿಕಿತ್ಸೆ ಸಿಗುತ್ತದೆಯೇ?

ಮೊದಲು ಸಿಗುತ್ತಿತ್ತು, ನಂತರ ನಿಂತಿತು, ಈಗ ಮತ್ತೆ ಸಿಗುತ್ತಿದೆ. 1996ರಲ್ಲಿ ಅಮೆರಿಕ ತನ್ನ ಕಲ್ಯಾಣ ಯೋಜನೆಗಳನ್ನು ತಿದ್ದಿದಾಗ, ಬಡವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ಗೆ ಅರ್ಹರ ಪಟ್ಟಿಯಿಂದ ಈ ದ್ವೀಪವಾಸಿಗಳು ಬಿಟ್ಟುಹೋದರು. ತೆರಿಗೆ ಕಟ್ಟುತ್ತಾ, ಅರ್ಕಾನ್ಸಾ ರಾಜ್ಯದ ಸ್ಪ್ರಿಂಗ್‌ಡೇಲ್‌ನ ಕೋಳಿಮಾಂಸ ಸಂಸ್ಕರಣಾ ಘಟಕಗಳಲ್ಲಿ ದುಡಿಯುತ್ತಾ, ಅವರು ಸುಮಾರು ಕಾಲು ಶತಮಾನ ಈ ವಿಮೆಯ ಹೊರಗೇ ಉಳಿದರು. 2020ರಲ್ಲಿ ಕೋವಿಡ್ ಬಂದಾಗ ವಾಯವ್ಯ ಅರ್ಕಾನ್ಸಾದಲ್ಲಿ ಸತ್ತವರ ಪೈಕಿ ಮಾರ್ಷಲ್ ದ್ವೀಪದವರ ಪ್ರಮಾಣ ಅವರ ಜನಸಂಖ್ಯೆಯ ಪಾಲಿಗಿಂತ ಹಲವು ಪಟ್ಟು ಹೆಚ್ಚಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೆಡಿಕೇಯ್ಡ್ ಅರ್ಹತೆಯನ್ನು ಮರಳಿಸಲಾಯಿತು. ತಪ್ಪನ್ನು ತಿದ್ದಿದ್ದು ಒಳ್ಳೆಯದಾಯಿತು, ಆದರೆ ಬಹಳ ತಡವಾಯಿತು.

ಬೇರೆ ದೇಶದ ಪ್ರಜೆಗಳು ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಬಹುದೇ?

ಒಪ್ಪಂದದ ಪ್ರಕಾರ ಈ ಮೂರು ದೇಶಗಳ ಪ್ರಜೆಗಳು ಅಮೆರಿಕದ ಸೇನೆಗೆ ಸೇರಬಹುದು, ಸೇರುತ್ತಲೂ ಇದ್ದಾರೆ. ಜನಸಂಖ್ಯೆಗೆ ಹೋಲಿಸಿದರೆ ಇಲ್ಲಿಂದ ಸೇನೆಗೆ ಸೇರುವವರ ಪ್ರಮಾಣ ಅಮೆರಿಕದ ಬಹುತೇಕ ರಾಜ್ಯಗಳಿಗಿಂತ ಹೆಚ್ಚು. ಇರಾಕ್ ಮತ್ತು ಅಫ್ಘಾನಿಸ್ತಾನಗಳಲ್ಲಿ ಪ್ರಾಣ ಕೊಟ್ಟವರೂ ಅವರಲ್ಲಿದ್ದಾರೆ. ಕೆಲಸಗಳು ವಿರಳವಾಗಿರುವ ಊರುಗಳ ಹೈಸ್ಕೂಲುಗಳಿಗೆ ಸೇನಾ ನೇಮಕಾತಿ ಅಧಿಕಾರಿಗಳು ಬರುತ್ತಾರೆ. ಹದಿನೆಂಟರ ಹುಡುಗ ಹುಡುಗಿಯರಿಗೆ ಅದು ಸಂಬಳ, ಕಲಿಕೆ ಮತ್ತು ಲೋಕ ನೋಡುವ ಅವಕಾಶ.

ಅವರು ನಿವೃತ್ತರಾಗಿ ಊರಿಗೆ ಮರಳಿದ ಮೇಲೆ ಏನಾಗುತ್ತಿತ್ತು?

ಮೂರು ದೇಶಗಳಲ್ಲೂ ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಆಸ್ಪತ್ರೆ ಇರಲಿಲ್ಲ. ಚಿಕಿತ್ಸೆಗೆ ಗುವಾಮ್ ಅಥವಾ ಹವಾಯಿಗೆ ಹೋಗಬೇಕು, ಟಿಕೆಟ್ಟು ವಸತಿಗಳ ಖರ್ಚನ್ನು ತಾವೇ ಹೊರಬೇಕು. ಪೊನ್‌ಪೇಯಿಂದ ಗುವಾಮ್‌ಗೆ ಸುಮಾರು 1,600 ಕಿಲೋಮೀಟರ್ ಇದೆ. ಮೊಣಕಾಲಿನ ಗಾಯಕ್ಕೆ ಆಗಾಗ ತೋರಿಸಬೇಕಾದವರು, ಯುದ್ಧದ ನೆನಪುಗಳಿಂದ ರಾತ್ರಿ ನಿದ್ದೆಗೆಟ್ಟು ನಿಯಮಿತ ಆಪ್ತಸಮಾಲೋಚನೆ ಬೇಕಾದವರು ಈ ಪ್ರಯಾಣವನ್ನು ಎಷ್ಟು ಸಲ ಮಾಡಲು ಸಾಧ್ಯ? ಹೊರದೇಶಗಳಲ್ಲಿ ವಾಸಿಸುವವರಿಗೆಂದು ಇರುವ ಮರುಪಾವತಿ ಯೋಜನೆ ಸೇವೆಯಿಂದಲೇ ಉಂಟಾದ ಗಾಯ, ಕಾಯಿಲೆಗಳಿಗೆ ಸೀಮಿತ. ಅನೇಕರು ಚಿಕಿತ್ಸೆಗಾಗಿಯೇ ಊರು ಬಿಟ್ಟರು, ಬಿಡಲಾಗದವರು ಚಿಕಿತ್ಸೆಯನ್ನೇ ಬಿಟ್ಟರು. ಅಮೆರಿಕದ ಪ್ರಜೆಗಳಲ್ಲದಿದ್ದರೂ ಅದರ ಸಮವಸ್ತ್ರ ತೊಟ್ಟು ಹೋರಾಡಿದವರ ವಿಷಯದಲ್ಲಿ ನಡೆದ ಈ ಅನ್ಯಾಯ ಇಡೀ ಒಪ್ಪಂದದಲ್ಲೇ ನನಗೆ ಅತ್ಯಂತ ನೋವು ತರುವ ಭಾಗ.

2024ರ ಕಾನೂನು ಈ ಅಂತರವನ್ನು ತುಂಬಲು ಅವಕಾಶ ಕೊಟ್ಟಿದೆ. ದ್ವೀಪ ಸರ್ಕಾರಗಳೊಂದಿಗೆ ಒಪ್ಪಂದ ಮಾಡಿಕೊಂಡು ಸ್ಥಳೀಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಕೊಡಿಸುವುದು, ದೂರಸಂಪರ್ಕದ ಮೂಲಕ ವೈದ್ಯರ ಸಲಹೆ, ಅಂಚೆಯಲ್ಲಿ ಔಷಧಿ, ಪ್ರಯಾಣ ವೆಚ್ಚದ ಭರಿಕೆ ಇವೆಲ್ಲ ಅದರಡಿ ಸಾಧ್ಯ. ಆದರೆ ಅಧಿಕಾರ ಸಿಕ್ಕಿದ ದಿನವೇ ಸೇವೆ ಆರಂಭವಾಗುವುದಿಲ್ಲ. ಮೂರು ಸಾರ್ವಭೌಮ ದೇಶಗಳೊಡನೆ ಮಾತುಕತೆ ನಡೆಯಬೇಕು, ವೈದ್ಯರ ಅರ್ಹತೆ, ಔಷಧಿ ಆಮದಿನ ನಿಯಮ, ಹೊಣೆಗಾರಿಕೆ ಎಲ್ಲವನ್ನೂ ಬರೆದುಕೊಳ್ಳಬೇಕು.

ವಿಡಿಯೊ ಕರೆಯಲ್ಲೇ ವೈದ್ಯರು ಸಿಕ್ಕರೆ ಸಾಲದೇ?

ಮಾನಸಿಕ ಆರೋಗ್ಯಕ್ಕೆ, ಔಷಧಿಯ ಪ್ರಮಾಣ ತಿದ್ದುವುದಕ್ಕೆ ಅದು ದೊಡ್ಡ ಅನುಕೂಲ. ಮಜುರೊ, ಕ್ವಾಜಲೀನ್, ಪೊನ್‌ಪೇಗಳಿಗೆ ಸಮುದ್ರತಳದ ಕೇಬಲ್ 2010ರಲ್ಲೇ ಬಂದಿದೆ. ರಕ್ತ ಪರೀಕ್ಷೆ, ಕ್ಷ-ಕಿರಣ, ಗಾಯದ ಆರೈಕೆಗಳಿಗೆ ಮಾತ್ರ ಊರಿನಲ್ಲೇ ಪ್ರಯೋಗಾಲಯವೂ ದಾದಿಯೂ ಬೇಕು.

ಕಡಲು ಏರುತ್ತಿರುವುದರಿಂದ ಈಗಲೇ ಆಗುತ್ತಿರುವ ತೊಂದರೆ ಏನು?

ನೆಲ ಮುಳುಗುವ ಬಹಳ ಮೊದಲೇ ನೀರು ಕೆಡುತ್ತದೆ. ಹವಳದ್ವೀಪದ ಮರಳಿನಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ, ಅದರ ಮೇಲೆ ಮಸೂರದಾಕಾರದ ತೆಳು ಪದರವಾಗಿ ತೇಲುತ್ತದೆ. ಬಾವಿ ತೋಡಿದಾಗ ಸಿಗುವುದು ಈ ಪದರದ ನೀರು. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದ ವೇಳೆ ದೂರದ ಬಿರುಗಾಳಿಯ ಅಲೆಗಳೂ ಸೇರಿಕೊಂಡರೆ, ಕಡಲು ದ್ವೀಪವನ್ನು ಹಾದು ಹರಿದು ಉಪ್ಪು ಮೇಲಿನಿಂದಲೇ ಇಂಗುತ್ತದೆ. ಆ ಪದರ ಮತ್ತೆ ಸಿಹಿಯಾಗಲು ತಿಂಗಳುಗಟ್ಟಲೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಒಳ್ಳೆಯ ಮಳೆ ಬೇಕು. ಅಷ್ಟರಲ್ಲಿ ಇನ್ನೊಮ್ಮೆ ಅಲೆ ನುಗ್ಗಿದರೆ ಬಾವಿ ಸುಧಾರಿಸಿಕೊಳ್ಳುವುದೇ ಇಲ್ಲ.

ಕ್ವಾಜಲೀನ್‌ನ ರೋಯಿ-ನಮೂರ್ ದ್ವೀಪವನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಇಂಗಾಲದ ಹೊರಸೂಸುವಿಕೆ ಹೀಗೇ ಮುಂದುವರಿದರೆ ಬಹುಪಾಲು ಹವಳದ್ವೀಪಗಳಲ್ಲಿ ಕುಡಿಯುವ ಅಂತರ್ಜಲ ಈ ಶತಮಾನದ ಮಧ್ಯಭಾಗದೊಳಗೇ ಇಲ್ಲವಾಗುತ್ತದೆ ಎಂದು ಎಚ್ಚರಿಸಿತು. 2024ರ ಜನವರಿ 20ರಂದು ಅದೇ ರೋಯಿ-ನಮೂರ್‌ಗೆ ದೈತ್ಯ ಅಲೆಗಳು ನುಗ್ಗಿ ಸೇನಾನೆಲೆಯ ಊಟದ ಮನೆಯ ಬಾಗಿಲನ್ನು ಒಡೆದು, ಒಳಗಿದ್ದವರನ್ನು ಕೆಡವಿ ತಳ್ಳಿದ ದೃಶ್ಯವನ್ನು ಲೋಕವೆಲ್ಲ ನೋಡಿತು.

ಬರಗಾಲದ ಮುಖ ಇನ್ನೊಂದು. 2015-16ರ ಎಲ್ ನಿನೊ ಕಾಲದಲ್ಲಿ ಮಳೆ ಕೈಕೊಟ್ಟು ಮಾರ್ಷಲ್ ದ್ವೀಪಗಳಲ್ಲಿ ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಮಜುರೊ ನಗರದ ಮುಖ್ಯ ಜಲಮೂಲ ಯಾವುದು ಗೊತ್ತೇ? ವಿಮಾನ ನಿಲ್ದಾಣದ ರನ್‌ವೇ. ಆ ಉದ್ದನೆಯ ಡಾಂಬರು ಹಾಸಿನ ಮೇಲೆ ಬಿದ್ದ ಮಳೆನೀರನ್ನು ಕಾಲುವೆಗಳಲ್ಲಿ ಹಿಡಿದು ಪಕ್ಕದ ಜಲಾಶಯಗಳಿಗೆ ಹರಿಸಿ, ಶುದ್ಧೀಕರಿಸಿ ನಲ್ಲಿಗಳಿಗೆ ಬಿಡಲಾಗುತ್ತದೆ. ರನ್‌ವೇ ಕಡಲಿನ ಅಂಚಿನಲ್ಲಿದೆ. ಆ ಒಂದು ಪಟ್ಟಿಯ ಮೇಲೆ ಅಲೆ ಹತ್ತಿದರೆ ರೋಗಿಯನ್ನು ಕರೆದೊಯ್ಯುವ ವಿಮಾನವೂ ನಿಲ್ಲುತ್ತದೆ, ಆಸ್ಪತ್ರೆಯ ನೀರೂ ಕೆಡುತ್ತದೆ.

ಕಡಲಿಗೆ ತಡೆಗೋಡೆ ಕಟ್ಟಿದರೆ ಸಮಸ್ಯೆ ಪರಿಹಾರವಾಗುವುದಿಲ್ಲವೇ?

ಕೆಲವೆಡೆ ಗೋಡೆ ಬೇಕೇ ಬೇಕು. ಎಬೆಯೆಯಂಥ ಕಿಕ್ಕಿರಿದ ದ್ವೀಪದಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ. ಅಲ್ಲಿ ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಡಿಯ ಹಸಿರು ಹವಾಮಾನ ನಿಧಿಯ ನೆರವಿನ ಯೋಜನೆಯಲ್ಲಿ ಕಡಲತೀರದ ರಕ್ಷಣೆ ಸೇರಿರುವುದು ಸರಿಯಾಗಿಯೇ ಇದೆ. ಆದರೆ ಗೋಡೆ ತಿರುಗಿಸಿದ ಅಲೆಯ ಶಕ್ತಿ ಅದರ ತುದಿಯಲ್ಲಿರುವ ಪಕ್ಕದವರ ನೆಲವನ್ನು ಕೊರೆಯುತ್ತದೆ, ಗೋಡೆಗೆ ಬೇಕಾದ ಜಲ್ಲಿ ಮರಳಿಗಾಗಿ ಹವಳದ ದಿಬ್ಬವನ್ನೇ ಅಗೆದರೆ ಅಲೆಯನ್ನು ಸಹಜವಾಗಿ ತಡೆಯುತ್ತಿದ್ದ ರಕ್ಷಣೆ ಹಾಳಾಗುತ್ತದೆ. ಗೋಡೆಯ ಕೆಳಗಿನ ಸರಂಧ್ರ ಹವಳದ ಮೂಲಕ ಉಪ್ಪುನೀರು ಒಳಬರುವುದನ್ನು ಯಾವ ಗೋಡೆಯೂ ನಿಲ್ಲಿಸಲಾರದು.

ಆದ್ದರಿಂದ ಗೋಡೆಗೆ ಹಾಕುವ ಹಣದ ಜೊತೆಗೆ ಮನೆಮನೆಗೆ ಮಳೆನೀರಿನ ತೊಟ್ಟಿ, ಉಪ್ಪುನೀರನ್ನು ಸಿಹಿಮಾಡುವ ಘಟಕ ಮತ್ತು ಅದನ್ನು ರಿಪೇರಿ ಮಾಡಬಲ್ಲ ಊರಿನ ತಂತ್ರಜ್ಞರು, ಎತ್ತರಿಸಿದ ಪಾತಿಗಳಲ್ಲಿ ಕೆಸು ಬೆಳೆಸುವ ಪದ್ಧತಿ, ಎತ್ತರದ ನೆಲಗಟ್ಟಿನ ಮೇಲಿನ ಚಿಕಿತ್ಸಾಲಯ ಇವುಗಳಿಗೂ ಹಣ ಬೇಕು. ನನ್ನ ದೃಷ್ಟಿಯಲ್ಲಿ ಅತ್ಯಂತ ಕಡಿಮೆ ಗಮನ ಸಿಗುವುದು ರಿಪೇರಿಗೆ. ಉದ್ಘಾಟನೆಗೆ ದಾನಿ ದೇಶದ ಪ್ರತಿನಿಧಿ ಬರುತ್ತಾರೆ. ಮೂರು ವರ್ಷದ ನಂತರ ಪಂಪಿನ ಬಿಡಿಭಾಗಕ್ಕೆ ಹಣ ಕೇಳಿದರೆ ಕೇಳಿಸಿಕೊಳ್ಳುವವರಿರುವುದಿಲ್ಲ, ಉಪ್ಪುಗಾಳಿಯಲ್ಲಿ ಕಬ್ಬಿಣ ಮಾತ್ರ ಅಷ್ಟು ಕಾಲ ಕಾಯುವುದಿಲ್ಲ.

ಒಪ್ಪಂದದ ಹಣ ಇದಕ್ಕೆಲ್ಲ ಸಾಕಾಗುತ್ತದೆಯೇ?

ಸಾಕಾಗುವುದಿಲ್ಲ. 2023ರ ಕೊನೆಯಲ್ಲಿ ಮಾರ್ಷಲ್ ದ್ವೀಪಗಳು ಮಂಡಿಸಿದ, ಏರುವ ಕಡಲಿಗೆ ಹೊಂದಿಕೊಂಡು ಬದುಕುವ ರಾಷ್ಟ್ರೀಯ ಹೊಂದಾಣಿಕೆ ಯೋಜನೆಯ ಅಂದಾಜು ವೆಚ್ಚ ಸುಮಾರು 3,500 ಕೋಟಿ ಡಾಲರ್. ಇದು ಇಪ್ಪತ್ತು ವರ್ಷಗಳಲ್ಲಿ ಆ ದೇಶಕ್ಕೆ ಅಮೆರಿಕದಿಂದ ಬರುವ ಒಟ್ಟು ಮೊತ್ತದ ಸುಮಾರು ಹದಿನೈದು ಪಟ್ಟು. ಉಳಿದದ್ದು ಹಸಿರು ಹವಾಮಾನ ನಿಧಿ, ವಿಶ್ವಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್‌ಗಳಿಂದ ಬರಬೇಕು. ಕೆಲವೇ ಸಾವಿರ ನೌಕರರಿರುವ ಸರ್ಕಾರವೊಂದು ದೊಡ್ಡ ದೇಶಗಳಂತೆ ಸಾವಿರ ಪುಟದ ಪ್ರಸ್ತಾವನೆ ಬರೆಯಬೇಕೆಂದು ನಿರೀಕ್ಷಿಸುವುದರಿಂದಲೇ ವರ್ಷಗಳು ಕಳೆಯುತ್ತವೆ. ಹವಾಮಾನ ಬದಲಾವಣೆಯಿಂದ ನೊಂದ ದೇಶಗಳಿಗೆಂದು 2022ರಲ್ಲಿ ಒಪ್ಪಿಗೆಯಾದ ನಷ್ಟ ಮತ್ತು ಹಾನಿ ನಿಧಿ, ಟೊಂಗಾದಲ್ಲಿ ನೆಲೆಗೊಳ್ಳುತ್ತಿರುವ ಪೆಸಿಫಿಕ್ ಚೇತರಿಕೆ ನಿಧಿ ಇವು ಈ ದಾರಿಯನ್ನು ಸರಳಗೊಳಿಸುವ ಭರವಸೆ ಕೊಟ್ಟಿವೆ. ಎರಡನೆಯದನ್ನು ಪೆಸಿಫಿಕ್ ದೇಶಗಳೇ ಕಟ್ಟಿಕೊಂಡಿರುವುದರಿಂದ, ಹಳ್ಳಿಯ ಮಟ್ಟದ ಸಣ್ಣ ಕೆಲಸಗಳಿಗೆ ಅದರಿಂದ ಹಣ ಹರಿಯುವ ಸಾಧ್ಯತೆ ಹೆಚ್ಚು ಎಂದು ನಂಬುತ್ತೇನೆ.

ಇನ್ನೊಂದು ಕಡೆ ಹಿನ್ನಡೆಗಳೂ ಆಗಿವೆ. ಮಾರ್ಷಲ್ ದ್ವೀಪಗಳು ಮತ್ತು ಮೈಕ್ರೊನೇಷ್ಯದ ವಿಪತ್ತು ಪರಿಹಾರದಲ್ಲಿ ಮುಖ್ಯ ಪಾತ್ರ ವಹಿಸುತ್ತಿದ್ದ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಎಐಡಿ 2025ರ ಜುಲೈನಲ್ಲಿ ಮುಚ್ಚಿತು. ಹವಾಮಾನ ಕುರಿತ ಪ್ಯಾರಿಸ್ ಒಪ್ಪಂದದಿಂದ ಹೊರಬರುವ ನಿರ್ಧಾರವನ್ನೂ ಅಮೆರಿಕ ಅದೇ ವರ್ಷ ಪ್ರಕಟಿಸಿತು.

ಹಣದ ಬಳಕೆಯ ಮೇಲೆ ಯಾರ ನಿಗಾ ಇದೆ?

ಅಮೆರಿಕ ಮತ್ತು ಆಯಾ ದೇಶದ ಪ್ರತಿನಿಧಿಗಳಿರುವ ಜಂಟಿ ಸಮಿತಿಗಳು ಅನುದಾನವನ್ನು ಪರಿಶೀಲಿಸುತ್ತವೆ, ವಾರ್ಷಿಕ ಲೆಕ್ಕಪರಿಶೋಧನೆಯೂ ಇದೆ. ಲೆಕ್ಕ ಕೇಳುವುದು ಸರಿ. ಆದರೆ ಔಷಧಿ ಖರೀದಿಯ ತೀರ್ಮಾನ ಸಮಿತಿಯ ಮುಂದಿನ ಸಭೆಗಾಗಿ ಕಾಯುವಂತಾಗಬಾರದು ಎಂಬ ದ್ವೀಪಗಳ ಆಕ್ಷೇಪವೂ ಸರಿಯೇ.

ಜನ ಬೇರೆಡೆಗೆ ಹೋಗಿ ನೆಲೆಸುವುದು ಅಗ್ಗವಲ್ಲವೇ?

ಈ ಪ್ರಶ್ನೆಯನ್ನು ಅವರ ಮುಂದೆ ಕೇಳುವ ಮೊದಲು ಬಿಕಿನಿಯ ಕಥೆ ತಿಳಿದಿರಬೇಕು. 1946ರಲ್ಲಿ ಅಲ್ಲಿನ 167 ಜನರನ್ನು, ತಾತ್ಕಾಲಿಕ ಎಂಬ ಮಾತಿನ ಮೇಲೆ, ರೊಂಗೆರಿಕ್‌ಗೆ ಒಯ್ಯಲಾಯಿತು. ಅಲ್ಲಿ ಆಹಾರ ಸಾಲದೆ ಹಸಿವಿನಿಂದ ನರಳಿದರು. 1948ರಲ್ಲಿ ಕಿಲಿ ಎಂಬ ಒಂಟಿ ದ್ವೀಪಕ್ಕೆ ಸಾಗಿಸಲಾಯಿತು. ಅದಕ್ಕೆ ಒಳಗಡಲಿನ ಆಸರೆಯಿಲ್ಲ, ವರ್ಷದ ಹಲವು ತಿಂಗಳು ದೋಣಿ ಇಳಿಸುವುದೂ ಕಷ್ಟ. ನೆಲ ಸುರಕ್ಷಿತ ಎಂಬ ಮಾತು ನಂಬಿ ಮುಂದೆ ಕೆಲವು ಕುಟುಂಬಗಳು ಬಿಕಿನಿಗೆ ಮರಳಿದವು, ದೇಹದಲ್ಲಿ ವಿಕಿರಣದ ಅಂಶ ಏರಿದ್ದು ಕಂಡು 1978ರಲ್ಲಿ ಮತ್ತೆ ಎಬ್ಬಿಸಲಾಯಿತು.

ಸ್ಥಳಾಂತರ ಎಂದರೇನು ಎಂಬುದು ಆ ಜನಕ್ಕೆ ಚೆನ್ನಾಗಿ ಗೊತ್ತು. ಹೋಗಬಯಸುವವರಿಗೆ ಅಮೆರಿಕದ ಬಾಗಿಲು ತೆರೆದಿದೆ, ಅನೇಕರು ಹೋಗಿಯೂ ಇದ್ದಾರೆ. ಉಳಿಯಬಯಸುವವರಿಗೆ ಉಳಿಯುವ ಹಕ್ಕು ಇರಬೇಕಾದರೆ ಮಗುವಿನ ಜ್ವರಕ್ಕೂ ಅಜ್ಜಿಯ ಮೂತ್ರಪಿಂಡಕ್ಕೂ ನಿವೃತ್ತ ಯೋಧನ ನಿದ್ದೆಗೂ ಊರಿನಲ್ಲೇ ಆರೈಕೆ ಸಿಗಬೇಕು. ಆಸ್ಪತ್ರೆ ಇಲ್ಲದ ಊರನ್ನು ಜನ ಅಲೆಗಿಂತ ಮೊದಲೇ ಬಿಡುತ್ತಾರೆ.

ಇದರಲ್ಲಿ ಭಾರತದ ಪಾತ್ರ ಏನಾದರೂ ಇದೆಯೇ?

ಇದೆ. 2014ರಲ್ಲಿ ಫಿಜಿಯ ಸುವಾದಲ್ಲಿ ಆರಂಭವಾದ ಭಾರತ-ಪೆಸಿಫಿಕ್ ದ್ವೀಪಗಳ ಸಹಕಾರ ವೇದಿಕೆಯಲ್ಲಿ ಈ ಮೂರೂ ದೇಶಗಳಿವೆ. 2023ರ ಮೇ ತಿಂಗಳಲ್ಲಿ ಪೋರ್ಟ್ ಮೊರೆಸ್ಬಿಯಲ್ಲಿ ನಡೆದ ಮೂರನೇ ಶೃಂಗಸಭೆಯಲ್ಲಿ ಭಾರತವು 14 ದ್ವೀಪದೇಶಗಳಿಗೆ ಡಯಾಲಿಸಿಸ್ ಘಟಕಗಳು, ಸಮುದ್ರ ಆಂಬುಲೆನ್ಸ್‌ಗಳು, ಕಡಿಮೆ ಬೆಲೆಯ ಜನೌಷಧಿ ಕೇಂದ್ರಗಳು ಮತ್ತು ನೀರಿನ ಉಪ್ಪು ತೆಗೆಯುವ ಘಟಕಗಳ ಭರವಸೆ ನೀಡಿತು. ಡಯಾಲಿಸಿಸ್ ಮತ್ತು ನೀರಿನ ಘಟಕಗಳನ್ನು ಒಂದೇ ಪಟ್ಟಿಯಲ್ಲಿಟ್ಟಿರುವುದು ವಿವೇಕದ ಕೆಲಸ; ಅವುಗಳನ್ನು ಒಂದೇ ಊರಿನಲ್ಲಿ ಜೊತೆಯಾಗಿ ಸ್ಥಾಪಿಸಿದರೆ ಇನ್ನೂ ಒಳ್ಳೆಯದು.

ಭಾರತಕ್ಕೆ ಈ ಸಮಸ್ಯೆ ಪುಸ್ತಕದಲ್ಲಿ ಓದಿದ್ದೇನೂ ಅಲ್ಲ. ಲಕ್ಷದ್ವೀಪವೂ ಹವಳದ ಮೇಲಿನ ನೆಲವೇ, ಅಲ್ಲಿಯೂ ಸಿಹಿನೀರು ಅದೇ ರೀತಿಯ ತೆಳು ಪದರ. ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ಜಲ್ಲಿ, ಸಿಮೆಂಟು ಹೊತ್ತ ಹಡಗುಗಳು ಅಲ್ಲಿಗೆ ಹೋಗುತ್ತವೆ, ಅಲ್ಲಿನ ರೋಗಿಗಳು ಕೊಚ್ಚಿಗೂ ಮಂಗಳೂರಿಗೂ ಬರುತ್ತಾರೆ. 2005ರಲ್ಲಿ ಕವರತ್ತಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಕಡಲಿನ ಮೇಲ್ಪದರದ ಬೆಚ್ಚಗಿನ ನೀರು ಮತ್ತು ಆಳದ ತಣ್ಣನೆಯ ನೀರಿನ ಉಷ್ಣತೆಯ ವ್ಯತ್ಯಾಸವನ್ನೇ ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಘಟಕವನ್ನು ಆರಂಭಿಸಿತು. ಹವಳದ್ವೀಪಗಳ ಬಳಿಯಲ್ಲೇ ಕಡಲು ಆಳವಾಗುವುದರಿಂದ ಈ ವಿಧಾನ ಮಾರ್ಷಲ್ ದ್ವೀಪಗಳಂಥ ಕಡೆಗೂ ಪರಿಶೀಲನೆಗೆ ಯೋಗ್ಯ.

ಮುಂದಿನ ವರ್ಷಗಳಲ್ಲಿ ಯಾವ ಬೆಳವಣಿಗೆಗಳನ್ನು ಗಮನಿಸಬೇಕು?

ಮೊದಲಿಗೆ, ಮಾಜಿ ಸೈನಿಕರ ಇಲಾಖೆಯು ಮೂರು ದೇಶಗಳೊಡನೆ ಮಾಡಿಕೊಳ್ಳಬೇಕಾದ ಒಪ್ಪಂದಗಳು, ಮತ್ತು ಚೂಕ್ ಅಥವಾ ಯಾಪ್‌ನ ಹೊರದ್ವೀಪದಲ್ಲಿರುವ ನಿವೃತ್ತರೊಬ್ಬರ ಪ್ರಯಾಣ ವೆಚ್ಚ ನಿಜವಾಗಿ ಪಾವತಿಯಾಗುತ್ತದೆಯೇ ಎಂಬುದು. ನಂತರ, ಸ್ಥಳೀಯ ದಾದಿಯರ ತರಬೇತಿ ಮತ್ತು ಸಂಬಳಕ್ಕೆ ಬಜೆಟ್‌ನಲ್ಲಿ ಸಿಗುವ ಪಾಲು; ಏಕೆಂದರೆ ತರಬೇತಾದವರು ಹೆಚ್ಚಿನ ಸಂಬಳಕ್ಕಾಗಿ ಗುವಾಮ್, ಹವಾಯಿಗಳಿಗೆ ಹೋಗುವುದನ್ನು ಒಪ್ಪಂದವೇ ಸುಲಭಗೊಳಿಸಿದೆ. ಮಾರ್ಷಲ್ ದ್ವೀಪಗಳ ಪಾಲಿನಲ್ಲಿ 70 ಕೋಟಿ ಡಾಲರ್ ವಿಶೇಷ ನಿಧಿಗೆ ಮೀಸಲಾಗಿದ್ದು, ಅಣ್ವಸ್ತ್ರ ಪರೀಕ್ಷೆಗಳಿಂದ ನೊಂದ ದ್ವೀಪಗಳ ಜನರಿಗೆ ಅದರಿಂದ ಎಷ್ಟು ತಲುಪುತ್ತದೆ ಎಂಬುದನ್ನೂ ನೋಡಬೇಕು. ಈಗಿನ ಧನಸಹಾಯದ ಅವಧಿ 2043ಕ್ಕೆ ಮುಗಿಯುತ್ತದೆ. ಕುಡಿಯುವ ಅಂತರ್ಜಲ ಕೈಬಿಡಬಹುದೆಂದು 2018ರ ಸಂಶೋಧನೆ ಸೂಚಿಸಿದ ಕಾಲವೂ ಅದರ ಆಸುಪಾಸಿನದೇ. ಆದ್ದರಿಂದ ಮುಂದಿನ ಮಾತುಕತೆಯನ್ನು ಕಳೆದ ಬಾರಿಯಂತೆ ಗಡುವು ಮೀರಿದ ಮೇಲೆ ಮುಗಿಸಲು ಬರುವುದಿಲ್ಲ.